ಒಂದೇ ಇಂಚಿನ ಶೀಟ್‌ಗೆ ಮೂರು ಆರ್-ವ್ಯಾಲ್ಯೂ: 4.9, 0.86, 1.0. ಯಾವ್ದನ್ನ ನಂಬೋದು?

ದಾವಣಗೆರೆ_ಹೊಸಮನೆ:
ಎಲ್ರಿಗೂ ನಮಸ್ಕಾರ. ದಾವಣಗೆರೆಲಿ ಮನೆ ಕಟ್ಟಿಸ್ತಾ ಇದೀನಿ, 12 ಚದರ, ಹೋದ ವಾರ ಮೋಲ್ಡ್ ಹಾಕಿಸಿದ್ವಿ, ಈಗ ಮೇಲೆ ನೀರು ಕಟ್ಟಿ ಕ್ಯೂರಿಂಗ್ ನಡೀತಿದೆ. ಈಗಿರೋ ಬಾಡಿಗೆ ಮನೆ ಮೇಲಿನ ಮಹಡಿ, ಏಪ್ರಿಲ್ ಬಂತು ಅಂದ್ರೆ ರಾತ್ರಿ ಹನ್ನೊಂದಾದ್ರೂ ಫ್ಯಾನ್ ಹಾಕಿದ್ರೆ ಬಿಸಿ ಗಾಳಿನೇ ಬರುತ್ತೆ, ಅಮ್ಮ ವರಾಂಡಾದಲ್ಲಿ ಚಾಪೆ ಹಾಕ್ಕೊಂಡು ಮಲಗ್ತಾರೆ. ಅದಕ್ಕೆ ಈ ಮನೆಗೆ ತಾರಸಿ ಮೇಲೆ ಇನ್ಸುಲೇಶನ್ ಶೀಟ್ ಹಾಕಿಸಲೇಬೇಕು ಅಂತ ನಿರ್ಧಾರ ಮಾಡಿದೀನಿ.

ಮೂರು ಕಡೆ ಕೊಟೇಶನ್ ತಗೊಂಡೆ. ಮೂರೂ 25 ಎಂಎಂ ಎಕ್ಸ್‌ಪಿಎಸ್ (ಗಟ್ಟಿ ಥರ್ಮೋಕೋಲ್ ಥರದ್ದು) ಶೀಟೇ. ಮೊದಲನೆಯವರ ಕಾಗದದಲ್ಲಿ ಆರ್-ವ್ಯಾಲ್ಯೂ (ಶೀಟ್ ಶಾಖನ ಎಷ್ಟು ತಡಿಯುತ್ತೆ ಅನ್ನೋ ನಂಬರ್) 4.9 ಅಂತಿದೆ, ಎರಡನೆಯವರದ್ದು 0.86, ಮೂರನೆಯವರದ್ದು 1.0. 4.9 ಇರೋರು ಚದರಡಿಗೆ 14 ರೂಪಾಯಿ ಜಾಸ್ತಿ ಕೇಳ್ತಿದಾರೆ, "ನಮ್ದು ಐದು ಪಟ್ಟು ಶಾಖ ತಡಿಯುತ್ತೆ ಸರ್" ಅಂತ ಬಾಯಿಬಿಟ್ಟೇ ಹೇಳಿದ್ರು. ಡಾಲಸ್‌ನಲ್ಲಿರೋ ನಮ್ಮ ಭಾವನ್ನ ಕೇಳಿದ್ರೆ "ನಮ್ಮನೆಗೆ ಆರ್-38 ಇದೆ, 4.9 ಯಾವ ಮೂಲೆಗೂ ಸಾಲಲ್ಲ" ಅಂತಾರೆ. ತಲೆ ಕೆಟ್ಟು ಹೋಗಿದೆ, ಗೊತ್ತಿರೋರು ಸ್ವಲ್ಪ ಬಿಡಿಸಿ ಹೇಳಿ.

ಹುಬ್ಳಿ_ಗಾಳಿ:
4.9 ತಗೊಳ್ರಿ ಮತ್ತ. ಆರ್ ಜಾಸ್ತಿ ಇದ್ದಷ್ಟೂ ಚಲೋ.

ಎಸಿ_ಡಿಸೈನ್_ಬೆಂಗ್ಳೂರು:
ತಡೀರಿ ತಡೀರಿ, ಯಾರಿಗೂ ಅಡ್ವಾನ್ಸ್ ಕೊಡ್ಬೇಡಿ. ಆ ನಂಬರ್ ಪಕ್ಕ ಸಣ್ಣ ಅಕ್ಷರದಲ್ಲಿ ಏನು ಯೂನಿಟ್ ಬರೆದಿದೆ ಅಂತ ನೋಡಿ ಇಲ್ಲಿ ಹಾಕಿ. ಯೂನಿಟ್ ಇಲ್ದೆ ಆರ್-ವ್ಯಾಲ್ಯೂ ಹೇಳೋದು "ಅಕ್ಕಿ ಐದು ಕೊಡಿ" ಅಂದಂಗೆ, ಐದು ಸೇರೋ ಐದು ಕೆಜಿನೋ ಯಾರಿಗೆ ಗೊತ್ತು.

ದಾವಣಗೆರೆ_ಹೊಸಮನೆ:
ನೋಡಿದೆ ಸರ್. 4.9 ಪಕ್ಕ ಚದರಡಿ, ಡಿಗ್ರಿ ಫ್ಯಾರನ್‌ಹೀಟ್, ಗಂಟೆ, ಬಿಟಿಯು ಎಲ್ಲಾ ಸೇರಿಸಿ ಬರ್ದಿದಾರೆ. 0.86 ಪಕ್ಕ ಚದರ ಮೀಟರ್ ಕೆಲ್ವಿನ್ ಪರ್ ವ್ಯಾಟ್. 1.0 ಇರೋದ್ರಲ್ಲಿ ಪಕ್ಕ ಏನೂ ಇಲ್ಲ, ಆದ್ರೆ ಮೇಲಿನ ಸಾಲಲ್ಲಿ "ಕೆ-ವ್ಯಾಲ್ಯೂ 0.025 ಕಿಲೋಕ್ಯಾಲರಿ / ಮೀಟರ್ ಗಂಟೆ ಡಿಗ್ರಿ ಸೆಲ್ಸಿಯಸ್" ಅಂತಿದೆ.

ಎಸಿ_ಡಿಸೈನ್_ಬೆಂಗ್ಳೂರು:
ಅಷ್ಟೇ ಸರ್, ಗಂಟು ಬಿಚ್ತು. ಮೂರೂ ಒಂದೇ ನಂಬರ್.

ಅಮೆರಿಕದ ಆರ್ ಒಂದು ಅಂದ್ರೆ ಮೆಟ್ರಿಕ್‌ನಲ್ಲಿ 0.1761. ತಿರುಗಿಸಿ ಹೇಳಿದ್ರೆ ಮೆಟ್ರಿಕ್ ಆರ್ ಒಂದು ಅಂದ್ರೆ ಅಮೆರಿಕದ 5.678. ಮೆಟ್ರಿಕ್‌ದಕ್ಕೆ ಕೆನಡಾದೋರು ಆರ್‌ಎಸ್‌ಐ ಅಂತ ಬೇರೆ ಹೆಸರೇ ಇಟ್ಟಿದಾರೆ, ಗೊಂದಲ ಆಗದಂಗೆ. ಈಗ 0.86 × 5.678 ಮಾಡಿ, 4.88 ಬರುತ್ತೆ. ಅದೇ ನಿಮ್ಮ 4.9.

ಮೂರನೇದು ಹಳೇ ಕಾಲದ ಮೆಟ್ರಿಕ್, ಕಿಲೋಕ್ಯಾಲರಿ ಲೆಕ್ಕ. ನಮ್ಮ ದೇಶದ ಕ್ಯಾಟಲಾಗ್‌ಗಳಲ್ಲಿ ಈಗ್ಲೂ ಉಳ್ಕೊಂಡಿದೆ. ಗಂಟೆಗೆ ಒಂದು ಕಿಲೋಕ್ಯಾಲರಿ ಅಂದ್ರೆ 1.163 ವ್ಯಾಟ್. ಕೆ ಅಂದ್ರೆ ಆ ವಸ್ತು ಶಾಖನ ಎಷ್ಟು ಹರಿಯೋಕೆ ಬಿಡುತ್ತೆ ಅಂತ, ದಪ್ಪನ ಅದರಿಂದ ಭಾಗಿಸಿದ್ರೆ ಆರ್. ಹಂಗಾಗಿ ಕೆ 0.025 ಅಂದ್ರೆ 0.025 × 1.163 = 0.029 ವ್ಯಾಟ್ ಪರ್ ಮೀಟರ್ ಕೆಲ್ವಿನ್. ದಪ್ಪ 0.025 ಮೀಟರ್, ಅದನ್ನ 0.029ರಿಂದ ಭಾಗಿಸಿ, 0.86. ಅವ್ರು ಮಾತ್ರ 0.025ನ್ನ 0.025ರಿಂದಾನೇ ಭಾಗಿಸಿ 1.0 ಅಂತ ಬರ್ದಿದಾರೆ. ಲೆಕ್ಕ ಸರೀನೇ, ಯೂನಿಟ್ ಬರೆಯೋದು ಬಿಟ್ಟಿದಾರೆ. "ಐದು ಪಟ್ಟು" ಅಂದವರ ಮಾತು ಮಾತ್ರ ಶುದ್ಧ ತಪ್ಪು.

ತುಮಕೂರು_ತಾರಸಿ:
ಸರ್ ಒಂದು ಡೌಟು. ಫ್ಯಾರನ್‌ಹೀಟ್ ಇದ್ರೆ 32 ಕಳೀಬೇಕಲ್ವಾ ಮೊದ್ಲು? ಸ್ಕೂಲಲ್ಲಿ ಹಂಗೇ ಹೇಳ್ಕೊಟ್ಟಿದ್ದು. ನೀವು ಬರೀ ಗುಣಿಸಿಬಿಟ್ರಿ.

ಎಸಿ_ಡಿಸೈನ್_ಬೆಂಗ್ಳೂರು:
ಇಲ್ಲ, ಕಳೆಯಂಗಿಲ್ಲ.

ತುಮಕೂರು_ತಾರಸಿ:
ಯಾಕೆ ಅಂತ ಹೇಳ್ದೆ "ಇಲ್ಲ" ಅಂದ್ರೆ ಹೆಂಗೆ ಸರ್? ಫ್ಯಾರನ್‌ಹೀಟು ಸೆಲ್ಸಿಯಸ್ಸು ಅಂದ್ಮೇಲೆ 32 ಇದ್ದೇ ಇರುತ್ತೆ.

ಫಿಸಿಕ್ಸ್_ಮೇಷ್ಟ್ರು:
ಒಳ್ಳೇ ಪ್ರಶ್ನೆ, ನಮ್ಮ ಪಿಯುಸಿ ಮಕ್ಕಳು ಪ್ರತಿ ವರ್ಷ ಇಲ್ಲೇ ಎಡವೋದು. 32 ಕಳೆಯೋದು ಉಷ್ಣಾಂಶವನ್ನ ಬದಲಾಯಿಸುವಾಗ. ಇಲ್ಲಿ ಇರೋದು ಉಷ್ಣಾಂಶದ ವ್ಯತ್ಯಾಸ. ತಾರಸಿ ಮೇಲೆ 140 ಫ್ಯಾರನ್‌ಹೀಟ್, ಒಳಗೆ 86 ಅಂತ ಇಟ್ಕೊಳ್ಳಿ. ಸೆಲ್ಸಿಯಸ್‌ಗೆ ತಂದ್ರೆ 60 ಮತ್ತೆ 30. ಎರಡೂ ಕಡೆ 32 ಕಳೆದಿರ್ತೀರ, ವ್ಯತ್ಯಾಸ ತೆಗೆದಾಗ ಅದು ಹೊಡೆದುಹೋಗುತ್ತೆ. 140ರಲ್ಲಿ 86 ಹೋದ್ರೆ 54, ಅದಕ್ಕೆ 5/9 ಮಾಡಿ, ಸರಿಯಾಗಿ 30. ಕೆಲ್ವಿನ್ ಅಂತ ಬರೆದ್ರೂ ಸೆಲ್ಸಿಯಸ್ ಅಂತ ಬರೆದ್ರೂ ವ್ಯತ್ಯಾಸ ಒಂದೇ, 273 ಸೇರಿಸೋಕೂ ಹೋಗ್ಬೇಡಿ.

ಆ 0.1761 ಎಲ್ಲಿಂದ ಬಂತು ಅಂತ ಒಂದ್ಸಲ ಕೈಯಲ್ಲೇ ಮಾಡಿ ನೋಡಿ, ಆಮೇಲೆ ಜನ್ಮದಲ್ಲಿ ಮರೆಯಲ್ಲ. ಒಂದು ಚದರಡಿ 0.0929 ಚದರ ಮೀಟರ್. ಒಂದು ಫ್ಯಾರನ್‌ಹೀಟ್ ವ್ಯತ್ಯಾಸ 0.5556 ಕೆಲ್ವಿನ್. ಗಂಟೆಗೆ ಒಂದು ಬಿಟಿಯು ಅಂದ್ರೆ 0.2931 ವ್ಯಾಟ್. ಮೊದಲೆರಡನ್ನ ಗುಣಿಸಿ ಮೂರನೇದ್ರಿಂದ ಭಾಗಿಸಿ. ಅಷ್ಟೇ.

ತುಮಕೂರು_ತಾರಸಿ:
ಮಾಡಿದೆ ಮೇಷ್ಟ್ರೇ, 0.1761 ಬಂತು. ವ್ಯತ್ಯಾಸ ಅನ್ನೋ ಮಾತು ಮೊದ್ಲೇ ಹೇಳಿದ್ರೆ ನಾನು ವಾದಾನೇ ಮಾಡ್ತಿರ್ಲಿಲ್ಲ.

ಹುಬ್ಳಿ_ಗಾಳಿ:
ನಾನು ಹೇಳಿದ್ದು ತಪ್ಪಾತು, ವಾಪಸ್ ತಗೋತೀನ್ರಿ. ಆದ್ರ ಒಂದ್ ಮಾತು, ನಮ್ಮ ಕಡೆ ಮನಿ ಕಟ್ಟೋದ್ರಾಗ ಇದೇ ಹಣೆಬರಹ ನೋಡ್ರಿ. ಸೈಟ್ 30 ಬೈ 40 ಅಡಿ, ಕಂಬಿ 10 ಎಂಎಂ, ಕಂಬಿ ನಡುವಿನ ಅಂತರ 6 ಇಂಚು, ಜಲ್ಲಿ 20 ಎಂಎಂ, ಮನಿ ಲೆಕ್ಕ ಚದರದಾಗ. ಒಂದೇ ಸ್ಲ್ಯಾಬಿನಾಗ ಎರಡೂ ದೇಶದ ಅಳತಿ. ಮೇಸ್ತ್ರಿ ಬಾಯಾಗ ಎರಡೂ ಸರಾಗ ಓಡ್ತಾವ, ಅದು ಬ್ಯಾರೆ ಮಾತು.

ದಾವಣಗೆರೆ_ಹೊಸಮನೆ:
ಎಸಿ ಸರ್, ಮೇಷ್ಟ್ರೇ, ತುಂಬಾ ಥ್ಯಾಂಕ್ಸ್. ಹಾಗಾದ್ರೆ ಭಾವ ಹೇಳಿದ 38? ಅದೂ ಅಮೆರಿಕದ್ದೇ ಅಲ್ವಾ, ಅಂದ್ರೆ 4.9ಕ್ಕಿಂತ ನಿಜವಾಗ್ಲೂ ಎಂಟು ಪಟ್ಟು ಆಯ್ತಲ್ಲ.

ಟೆಕ್ಸಾಸ್_ಕನ್ನಡಿಗ:
ನಾನು ಹೂಸ್ಟನ್‌ನಲ್ಲಿರೋದು. ನಿಮ್ಮ ಭಾವ ಹೇಳಿದ್ದು ಸುಳ್ಳಲ್ಲ, ಆರ್-38 ಇಲ್ಲಿ ಮಾಮೂಲಿ, ಮೆಟ್ರಿಕ್‌ನಲ್ಲಿ 6.7 ಆಗುತ್ತೆ. ಆದ್ರೆ ಇಲ್ಲಿ ಮನೆ ಮೇಲೆ ಕಾಂಕ್ರೀಟ್ ಇಲ್ಲ. ಮರದ ಚೌಕಟ್ಟು, ಮೇಲೆ ಪ್ಲೈವುಡ್ ಥರದ್ದು, ಅದರ ಮೇಲೆ ಶಿಂಗಲ್. ಒಳಗೆ ಅಟ್ಟ. ಆ ಅಟ್ಟದ ನೆಲದ ಮೇಲೆ ಫೈಬರ್‌ಗ್ಲಾಸ್‌ನ ಹತ್ತಿ ಥರ ಒಂದಡಿಗೂ ಹೆಚ್ಚು ಊದಿ ತುಂಬ್ತಾರೆ, ಅದು ಅಗ್ಗ, ಜಾಗಾನೂ ಇದೆ. ಎಸಿ ಇಪ್ಪತ್ನಾಲ್ಕು ಗಂಟೆ ಓಡುತ್ತೆ, ಚಳಿಗಾಲದಲ್ಲಿ ಹೀಟರ್ ಓಡುತ್ತೆ. ನೀವು ತಾರಸಿ ಮೇಲೆ ಎಕ್ಸ್‌ಪಿಎಸ್‌ನಲ್ಲೇ ಆರ್-38 ಮಾಡೋಕೆ ಹೋದ್ರೆ ಎಂಟು ಇಂಚಿನ ಹತ್ರ ಶೀಟ್ ಬೇಕು. ಬಾಗಿಲ ಹೊಸ್ತಿಲೇ ಮುಳುಗುತ್ತೆ.

ಮೆಲ್ಬರ್ನ್_ಮಲ್ನಾಡು:
ಇಲ್ಲಿ ಆಸ್ಟ್ರೇಲಿಯಾದಲ್ಲಿ ಇನ್ನೊಂದು ಥರ. ಅಂಗಡಿಯಲ್ಲಿ ಪ್ಯಾಕೆಟ್ ಮೇಲೆ ದೊಡ್ಡದಾಗಿ ಆರ್4.0 ಅಂತ ಇರುತ್ತೆ, ಆರ್‌ಎಸ್‌ಐ ಅಂತ ಬರೆಯಲ್ಲ, ಆದ್ರೆ ಅದು ಮೆಟ್ರಿಕ್. ನಾನು ಇಲ್ಲಿಗೆ ಬಂದ ಹೊಸದ್ರಲ್ಲಿ ಅಮೆರಿಕದ ಯಾವುದೋ ಲೇಖನ ಓದಿ ಆರ್-30 ಬೇಕು ಅಂತ ಅಂಗಡಿಯಲ್ಲಿ ಹಠ ಹಿಡಿದೆ, ಆ ಹುಡುಗ ಪಾಪ ತಾಳ್ಮೆಯಿಂದ ಪ್ಯಾಕೆಟ್ ತಿರುಗಿಸಿ ಯೂನಿಟ್ ತೋರಿಸಿದ. ಆರ್4.0 ಅಂದ್ರೆ ಅಮೆರಿಕದ 22.7. ನ್ಯೂಜಿಲೆಂಡ್‌ನಲ್ಲೂ ಹೀಗೇ. ಒಂದೇ ಅಕ್ಷರ, ದೇಶ ಬದಲಾದ್ರೆ ಅರ್ಥ ಬದಲು.

ಹುಬ್ಳಿ_ಗಾಳಿ:
ಇಷ್ಟೆಲ್ಲಾ ಯಾಕ್ರಿ, ನಮ್ಮ ಅಜ್ಜನ ಮೇಲ್ಮುದ್ದಿ ಮನಿ ಒಳಗ ಮೇ ತಿಂಗಳ ಮಧ್ಯಾಹ್ನ ಮಲಗಿದ್ರ ಹೊದಿಯಾಕ ಬೇಕನ್ಸೋದು. ಒಂದಡಿ ಮಣ್ಣು, ಕೆಳಗ ಜಂತಿ. ಯಾವ ಆರ್-ವ್ಯಾಲ್ಯೂ ಇತ್ತು ಅದಕ್ಕ? ಈಗಿನ ಆರ್‌ಸಿಸಿ ಅಂದ್ರ ರೊಟ್ಟಿ ಹಂಚು.

ಎಸಿ_ಡಿಸೈನ್_ಬೆಂಗ್ಳೂರು:
ಲೆಕ್ಕ ಹಾಕಿದ್ರೆ ಆಶ್ಚರ್ಯ ಆಗುತ್ತೆ ನೋಡಿ. ಹೆಂಟೆ ಮಣ್ಣಿನ ಮಾಳಿಗೆಗೆ ಕೆ ಸುಮಾರು 0.52 ಹಿಡೀತೀವಿ. ಒಂದಡಿ ಅಂದ್ರೆ 0.3 ಮೀಟರ್, ಆರ್ 0.58 ಬರುತ್ತೆ, ಅಮೆರಿಕದ 3.3. ಅಂದ್ರೆ ಇವರ ಒಂದಿಂಚು ಶೀಟ್‌ಗಿಂತ ಕಮ್ಮಿ. ಆದ್ರೂ ನಿಮ್ಮ ಅಜ್ಜನ ಮನೆ ತಂಪು, ಅದೂ ಸುಳ್ಳಲ್ಲ. ಕಾರಣ ಆರ್ ಅಲ್ಲ, ಮಣ್ಣಿನ ತೂಕ. ಅಷ್ಟು ಮಣ್ಣು ಬಿಸಿ ಆಗೋಕೇ ಗಂಟೆಗಟ್ಟಲೆ ಬೇಕು, ಮಧ್ಯಾಹ್ನದ ಶಾಖ ಒಳಗೆ ತಲುಪೋಷ್ಟರಲ್ಲಿ ರಾತ್ರಿ ಆಗಿರುತ್ತೆ, ಕಿಟಕಿ ಬಾಗಿಲು ತೆಗೆದಿರ್ತಾರೆ. ಆರ್-ವ್ಯಾಲ್ಯೂ ಹೇಳೋದು ಶಾಖ ಒಂದೇ ಸಮ ಹರೀತಾ ಇದ್ರೆ ಎಷ್ಟು ತಡಿಯುತ್ತೆ ಅಂತ ಮಾತ್ರ. ಎಷ್ಟು ತಡ ಮಾಡುತ್ತೆ ಅನ್ನೋದು ಅದರಲ್ಲಿ ಇಲ್ಲ.

ಹುಬ್ಳಿ_ಗಾಳಿ:
ಇದನ್ನ ಯಾರೂ ಹಿಂಗ ಬಿಡಿಸಿ ಹೇಳಿದ್ದಿಲ್ಲ. ಮಳಿಗಾಲದಾಗ ಆ ಮಾಳಗಿ ಹತ್ತಿ ಕರಲು ಮಣ್ಣು ಹಾಕಿ ತುಳಿಯೋ ಕೆಲಸ ನಂದೇ ಇತ್ತು.

ಲೀಡ್ಸ್_ಲಕ್ಷ್ಮಕ್ಕ:
ನಾನು ಇಂಗ್ಲೆಂಡಿಂದ. ಇಲ್ಲಿ ರಜಾಯಿಗೂ ಇದೇ ಲೆಕ್ಕ ಇದೆ ಅಂತ ಗೊತ್ತಾ? ಟಾಗ್ ಅಂತಾರೆ. ಮ್ಯಾಂಚೆಸ್ಟರ್‌ನ ಶರ್ಲಿ ಇನ್‌ಸ್ಟಿಟ್ಯೂಟ್‌ನೋರು 1940ರ ದಶಕದಲ್ಲಿ ಮಾಡಿದ್ದು. ಒಂದು ಟಾಗ್ ಅಂದ್ರೆ ಮೆಟ್ರಿಕ್ ಆರ್ 0.1. ಬೇಸಿಗೆಗೆ 4.5 ಟಾಗ್, ಚಳಿಗೆ 13.5 ಟಾಗ್ ರಜಾಯಿ ಮಾರ್ತಾರೆ. ದಾವಣಗೆರೆಯವರು ತಾರಸಿಗೆ 8.6 ಟಾಗ್ ಹೊದಿಸ್ತಾ ಇದಾರೆ ಅಂತಾಯ್ತು. ನಾನು ಊರಿಂದ ತಂದ ಚಳ್ಳಕೆರೆ ಕಂಬಳಿ ಮೇಲೆ ಯಾವ ಟಾಗೂ ಬರೆದಿಲ್ಲ, ಆದ್ರೂ ಜನವರಿಯಲ್ಲಿ ಅದೇ ಬೇಕು.

ಫಿಸಿಕ್ಸ್_ಮೇಷ್ಟ್ರು:
ಚೆನ್ನಾಗಿದೆ ಅಕ್ಕ. ಬಟ್ಟೆಗೆ ಕ್ಲೋ ಅಂತ ಇನ್ನೊಂದಿದೆ, ಒಂದು ಕ್ಲೋ 0.155. ಅದೂ ಇದೇ ಜಾತಿ. ಮಕ್ಕಳಿಗೆ ಇನ್ಮೇಲೆ ಟಾಗ್‌ನಿಂದಾನೇ ಶುರು ಮಾಡ್ತೀನಿ, ಹೊದಿಕೆ ಅಂದ್ರೆ ತಕ್ಷಣ ತಲೆಗೆ ಹೋಗುತ್ತೆ.

ಪವರ್_ಎಲೆಕ್ಟ್ರಾನಿಕ್ಸ್_ಮೈಸೂರು:
ನಮ್ಮ ಫೀಲ್ಡಲ್ಲಿ ಥರ್ಮಲ್ ರೆಸಿಸ್ಟೆನ್ಸ್ ಅಂದ್ರೆ ಬರೀ ಡಿಗ್ರಿ ಪರ್ ವ್ಯಾಟ್, ಚದರ ಮೀಟರ್ ಇರೋದೇ ಇಲ್ಲ. ನೀವೆಲ್ಲಾ ಚದರ ಮೀಟರ್ ಸೇರಿಸಿ ಹೇಳ್ತಿರೋದು ನೋಡಿ ಇದು ತಪ್ಪು ಅಂತ ಬರೆಯೋಕೆ ಹೊರಟಿದ್ದೆ, ಆಮೇಲೆ ಅರ್ಥ ಆಯ್ತು, ನಮ್ಮದು ಇಡೀ ವಸ್ತುವಿನದು, ನಿಮ್ಮದು ಒಂದು ಚದರ ಮೀಟರ್‌ನದು. 0.86ನ್ನ ತಾರಸಿ ವಿಸ್ತೀರ್ಣ 111.5 ಚದರ ಮೀಟರ್‌ನಿಂದ ಭಾಗಿಸಿದ್ರೆ ನಮ್ಮ ಭಾಷೆಯಲ್ಲಿ 0.0077 ಡಿಗ್ರಿ ಪರ್ ವ್ಯಾಟ್.

ನಮ್ಮಲ್ಲೂ ಇಂಚು ಕಾಟ ಕೊಡುತ್ತೆ. ಹೀಟ್‌ಸಿಂಕ್ ಕೆಳಗೆ ಹಾಕೋ ಥರ್ಮಲ್ ಪ್ಯಾಡ್ ಡೇಟಾಶೀಟಲ್ಲಿ ಡಿಗ್ರಿ ಸೆಲ್ಸಿಯಸ್ × ಚದರ ಇಂಚು ಪರ್ ವ್ಯಾಟ್ ಅಂತ ಇರುತ್ತೆ, ಅರ್ಧ ಮೆಟ್ರಿಕ್ ಅರ್ಧ ಇಂಚು. ಒಂದ್ಸಲ 0.5 ಅನ್ನೋದನ್ನ ಚದರ ಸೆಂಟಿಮೀಟರ್ ಅಂದ್ಕೊಂಡು ಡಿಸೈನ್ ಮಾಡಿಬಿಟ್ಟೆ. ಅದು ನಿಜವಾಗಿ 3.2 ಇತ್ತು, 6.45 ಪಟ್ಟು ವ್ಯತ್ಯಾಸ. ಎಲ್‌ಇಡಿ ಡ್ರೈವರ್ ಬೋರ್ಡ್ ಹತ್ತು ನಿಮಿಷಕ್ಕೇ ಕಂದು ಬಣ್ಣಕ್ಕೆ ತಿರುಗಿತು, ಆ ವಾಸನೆ ಇನ್ನೂ ಮೂಗಲ್ಲಿದೆ.

ಸಿವಿಲ್_ಶಿವಮೊಗ್ಗ:
ಮತ್ತೆ ತಾರಸಿಗೆ ಬರೋಣ. ನಮ್ಮ ದೇಶದಲ್ಲಿ ವಾಸದ ಮನೆಗಳಿಗೆ ಇಕೋ ನಿವಾಸ್ ಸಂಹಿತಾ 2018 ಅಂತ ಇದೆ, ಅದರಲ್ಲಿ ತಾರಸಿಯ ಯೂ-ವ್ಯಾಲ್ಯೂ 1.2 ಮೀರಬಾರದು ಅಂತ ಹೇಳಿದೆ. ಯೂ ಅಂದ್ರೆ ಆರ್ ತಲೆಕೆಳಗು, ಅದು ಕಮ್ಮಿ ಇದ್ದಷ್ಟು ಒಳ್ಳೇದು. ಅದನ್ನ ಬದಲಾಯಿಸುವಾಗ 5.678 ತಿರುಗುಮುರುಗಾಗುತ್ತೆ ಅನ್ನೋದು ನೆನಪಿರಲಿ. ಅಮೆರಿಕದ ಯೂ ಇಂದ ಮೆಟ್ರಿಕ್‌ಗೆ ಬರೋಕೆ ಗುಣಿಸಬೇಕು, ಆರ್ ಆದ್ರೆ ಭಾಗಿಸಬೇಕು. ಇಲ್ಲೇ ನಮ್ಮ ಜೂನಿಯರ್‌ಗಳು ಜಾಸ್ತಿ ತಪ್ಪು ಮಾಡೋದು.

ಬರೀ 150 ಎಂಎಂ ಸ್ಲ್ಯಾಬ್, ಕೆ 1.58 ಹಿಡಿದ್ರೆ ಆರ್ ಬರೀ 0.095. ಸ್ಲ್ಯಾಬ್‌ನ ಮೈಗೆ ಅಂಟಿಕೊಂಡಿರೋ ಗಾಳಿಪದರ ಒಳಗೆ 0.17, ಹೊರಗೆ 0.04, ಎರಡೂ ಸೇರಿ 0.21. ಒಟ್ಟು 0.305, ಯೂ 3.3. ಶೀಟಿನ 0.86 ಸೇರಿಸಿ, 1.165, ಯೂ 0.86. ಶೀಟಿನ ಆರ್ 0.86, ಒಟ್ಟು ಯೂ ಕೂಡ 0.86, ಎರಡೂ ಒಂದೇ ಬಂದಿದ್ದು ಬರೀ ಕಾಕತಾಳೀಯ, ಗೊಂದಲ ಮಾಡ್ಕೋಬೇಡಿ. ಒಂದಿಂಚಲ್ಲೇ 1.2ರ ಒಳಗೆ ಬಂದ್ರಿ.

ತುಮಕೂರು_ತಾರಸಿ:
ಒಂದಿಂಚು ಸಾಲಲ್ಲ ಸರ್, ಎರಡಿಂಚು ಹಾಕಿಸ್ಲಿ. ಮನೆ ಕಟ್ಟೋದು ಒಂದೇ ಸಲ.

ಎಸಿ_ಡಿಸೈನ್_ಬೆಂಗ್ಳೂರು:
ಲೆಕ್ಕ ನೋಡಿ ಆಮೇಲೆ ಹೇಳಿ. ಸ್ಲ್ಯಾಬ್ ಮೇಲೆ 60, ಒಳಗಿನ ಗಾಳಿ 30 ಡಿಗ್ರಿ ಅಂತ ಇಟ್ಕೊಳ್ಳೋಣ. ಸ್ಲ್ಯಾಬ್‌ನ ತೂಕ, ತಡ ಎಲ್ಲಾ ಬಿಟ್ಟು ಒರಟು ಲೆಕ್ಕ. ಬರೀ ಸ್ಲ್ಯಾಬ್: ಒಳಗಿನ ಗಾಳಿಪದರ ಸೇರಿ ಆರ್ 0.265, ಚದರ ಮೀಟರ್‌ಗೆ 113 ವ್ಯಾಟ್ ಒಳಗೆ ಬರುತ್ತೆ, 12 ಚದರಕ್ಕೆ 12.6 ಕಿಲೋವ್ಯಾಟ್. ಒಂದು ಟನ್ ಎಸಿ 3.517 ಕಿಲೋವ್ಯಾಟ್ ಅಂದ್ರೆ ಮೂರೂವರೆ ಟನ್‌ಗೂ ಹೆಚ್ಚು. ಒಂದಿಂಚು ಶೀಟ್ ಹಾಕಿದ್ರೆ 27 ವ್ಯಾಟ್, ಇಡೀ ತಾರಸಿಗೆ 3 ಕಿಲೋವ್ಯಾಟ್, 0.85 ಟನ್. ಎರಡಿಂಚು ಹಾಕಿದ್ರೆ 15 ವ್ಯಾಟ್, ಅರ್ಧ ಟನ್. ಮೊದಲನೇ ಇಂಚು ಉಳಿಸಿದ್ದು 2.7 ಟನ್, ಎರಡನೇ ಇಂಚು ಉಳಿಸಿದ್ದು ಅರ್ಧ ಟನ್ನೂ ಇಲ್ಲ.

ಎಸಿ ಬೇಡ ಅನ್ನೋರಿಗೆ ಬೇರೆ ಥರ ಹೇಳ್ತೀನಿ. ಇದೇ ಲೆಕ್ಕದಲ್ಲಿ ಶೀಟ್ ಇಲ್ಲದ ಸೀಲಿಂಗ್‌ನ ಒಳಮೈ 49 ಡಿಗ್ರಿ. ಒಂದಿಂಚು ಹಾಕಿದ್ರೆ 34.5. ಎರಡಿಂಚು, 32.6. ಅಮ್ಮ ಮಂಚದ ಮೇಲೆ ಮಲಗಿದಾಗ ಮೇಲಿಂದ ಮುಖಕ್ಕೆ ಹೊಡೆಯೋ ಬಿಸಿ ಇದೇ.

ಟೆಕ್ಸಾಸ್_ಕನ್ನಡಿಗ:
ಇದನ್ನೇ ನಮ್ಮ ಅಳತೆಯಲ್ಲಿ ಮಾಡಿ ನೋಡಿದೆ. 54 ಫ್ಯಾರನ್‌ಹೀಟ್, ಆರ್ 1.505, 1200 ಚದರಡಿ. ಗಂಟೆಗೆ 43,000 ಬಿಟಿಯು, 12,000ದಿಂದ ಭಾಗಿಸಿದ್ರೆ 3.59 ಟನ್. ಅಲ್ಲಿಗೂ ಇಲ್ಲಿಗೂ ಪಕ್ಕಾ ತಾಳೆ ಆಯ್ತು. ಅಡಿ ಹಿಡಿದ್ರೆ ಕೊನೇವರೆಗೂ ಅಡಿ ಹಿಡೀರಿ, ಮೀಟರ್ ಹಿಡಿದ್ರೆ ಮೀಟರ್. ಮಧ್ಯದಲ್ಲಿ ದಾಟೋಕೆ ಹೋಗ್ಬೇಡಿ.

ಸಿವಿಲ್_ಶಿವಮೊಗ್ಗ:
ಒಂದಿಂಚು ಸಾಕು ಅನ್ನೋದಕ್ಕೆ ನಂದೊಂದು ತಕರಾರಿದೆ. ಡೇಟಾಶೀಟಲ್ಲಿರೋ ಕೆ ಯಾವ ಉಷ್ಣಾಂಶದಲ್ಲಿ ಅಳೆದಿದ್ದು ಅಂತ ಕೇಳಿ. ಯುರೋಪಿನೋರು 10 ಡಿಗ್ರಿಯಲ್ಲಿ ಹೇಳ್ತಾರೆ, ಅಮೆರಿಕದೋರು 75 ಫ್ಯಾರನ್‌ಹೀಟ್, ಅಂದ್ರೆ 24 ಡಿಗ್ರಿ. ನಮ್ಮ ತಾರಸಿ ಮೇಲೆ ಶೀಟಿನ ಸರಾಸರಿ 40 ದಾಟುತ್ತೆ. ಬಿಸಿ ಹೆಚ್ಚಾದ್ರೆ ಈ ಶೀಟುಗಳ ಆರ್ ಸ್ವಲ್ಪ ಇಳಿಯುತ್ತೆ. ವರ್ಷ ಕಳೆದಂಗೆ ಒಳಗಿನ ಗ್ಯಾಸ್ ಹೊರಗೆ ಹೋಗಿ ಇನ್ನಷ್ಟು ಇಳಿಯುತ್ತೆ. ಹಂಗಾಗಿ ಒಂದೂವರೆ ಇಂಚು, 40 ಎಂಎಂ ಹಾಕಿಸಿ ಅಂತೀನಿ.

ಎಸಿ_ಡಿಸೈನ್_ಬೆಂಗ್ಳೂರು:
ಒಪ್ಪಿದೆ. 40 ಎಂಎಂ ಒಳ್ಳೇ ಮಾತು.

ಕುಡ್ಲ_ಹಂಚು:
ಮಾರಾಯ್ರೆ, ಎಷ್ಟು ಇಂಚಾದರೂ ಹಾಕಿ, ಮೊದಲು ವಾಟರ್‌ಪ್ರೂಫಿಂಗ್ ಸರಿ ಮಾಡಿಸಿ. ನಮ್ಮ ಮಂಗಳೂರಿನ ಮಳೆಗೆ ಶೀಟಿನ ಅಡಿಗೆ ನೀರು ಹೋದರೆ ಎಲ್ಲಿಂದ ಸೋರುತ್ತದೆ ಎಂದು ಹುಡುಕಲಿಕ್ಕೇ ಆಗುವುದಿಲ್ಲ. ಸ್ಲ್ಯಾಬ್ ಮೇಲೆ ವಾಟರ್‌ಪ್ರೂಫಿಂಗ್, ಎರಡು ದಿನ ನೀರು ನಿಲ್ಲಿಸಿ ಪರೀಕ್ಷೆ, ಮತ್ತೆ ಶೀಟು, ಮೇಲೆ ಕಾಂಕ್ರೀಟು.

ದಾವಣಗೆರೆ_ಹೊಸಮನೆ:
ಅಪ್‌ಡೇಟ್ ಕೊಡ್ತೀನಿ. ಮೂರು ಕಡೆಯಿಂದಲೂ ಒಂದೊಂದು ಪೂರ್ತಿ ಶೀಟ್ ಸ್ಯಾಂಪಲ್ ತರಿಸಿದೆ. 1250 ಬೈ 600, ದಪ್ಪ 25 ಎಂಎಂ, ಅಡುಗೆಮನೆ ತಕ್ಕಡಿ ಮೇಲೆ ಸ್ಟೀಲ್ ಡಬ್ಬ ಇಟ್ಟು ಅದರ ಮೇಲೆ ಶೀಟ್ ನಿಲ್ಲಿಸಿ, ಡಬ್ಬದ ತೂಕ ಕಳೆದೆ. 640 ಗ್ರಾಂ, 635 ಗ್ರಾಂ, 640 ಗ್ರಾಂ. ಘನ ಮೀಟರ್‌ಗೆ 34 ಕೆಜಿ ಬರುತ್ತೆ, ಮೂರೂ ಒಂದೇ.

ಸಿವಿಲ್_ಶಿವಮೊಗ್ಗ:
ತೂಕ ಒಂದೇ ಇದ್ರೆ ಕೆ ಒಂದೇ ಅಂತ ಅಲ್ಲ ಸರ್. ಟೆಸ್ಟ್ ರಿಪೋರ್ಟ್ ಕೇಳಿ, ಉಷ್ಣಾಂಶ, ತಾರೀಖು ಇರಬೇಕು.

ದಾವಣಗೆರೆ_ಹೊಸಮನೆ:
ಕೇಳಿದೆ. 4.9ನೋರು "ಎಲ್ಲಾ ಕಾಗದದಲ್ಲೇ ಇದೆ ಸರ್" ಅಂದ್ರು, ರಿಪೋರ್ಟ್ ಬರ್ಲೇ ಇಲ್ಲ. ನಾನು ಫೋನಲ್ಲೇ 4.9ನ್ನ 5.678ರಿಂದ ಭಾಗಿಸಿ ಹೇಳ್ದೆ, ಸ್ವಲ್ಪ ಹೊತ್ತು ಸುಮ್ನಿದ್ರು, ಆಮೇಲೆ ಚದರಡಿಗೆ 10 ರೂಪಾಯಿ ಇಳಿಸಿದ್ರು. ಕಿಲೋಕ್ಯಾಲರಿಯವರು ಮಾತ್ರ ಅವತ್ತೇ ಸಂಜೆ ರಿಪೋರ್ಟ್ ಕಳಿಸಿದ್ರು, 24 ಡಿಗ್ರಿಯಲ್ಲಿ ಅಳೆದಿದ್ದು, 0.029 ವ್ಯಾಟ್ ಅಂತಾನೇ ಇದೆ. ಅವರ ಹತ್ರಾನೇ 40 ಎಂಎಂ ಹೇಳಿದೀನಿ. ಮೆಟ್ರಿಕ್ ಆರ್ 1.38, ಭಾವಂಗೆ ಹೇಳೋಕೆ 7.8. ಬಿಲ್ ಮೇಲೆ ಯೂನಿಟ್ ಬರೆದೇ ಕೊಡಿ ಅಂದಿದೀನಿ, ಒಪ್ಕೊಂಡ್ರು.

ಕುಡ್ಲ_ಹಂಚು:
ನೀರು ನಿಲ್ಲಿಸಿ ಪರೀಕ್ಷೆ ಆಯ್ತಾ?

ದಾವಣಗೆರೆ_ಹೊಸಮನೆ:
ಸೋಮವಾರ ವಾಟರ್‌ಪ್ರೂಫಿಂಗ್ ಸರ್, ಬುಧವಾರ ನೀರು ನಿಲ್ಲಿಸ್ತೀವಿ.